ಪಕ್ಕದ ಬೆಡ್ಡಿನವರಿಗೂ ಅದೇ ನೆಬುಲೈಜರ್, ಅಪ್ಪನಿಗೂ ಅದೇ: ಇದು ಸರಿಯಾ ಡಾಕ್ಟ್ರೇ?

ಪ್ರಶ್ನೆ: "ನಾವು ಸುರತ್ಕಲ್ ಕಡೆಯವರು. ಅಪ್ಪನಿಗೆ 68 ವರ್ಷ, ಬೊಂಬಾಯಿಯಲ್ಲಿ ಹೋಟೆಲ್ ಅಡುಗೆ ಕೆಲಸ ಮಾಡಿ ಊರಿಗೆ ಬಂದವರು, ಬೀಡಿ ಮೊನ್ನೆ ಮೊನ್ನೆವರೆಗೂ ಇತ್ತು. ಸಿಒಪಿಡಿ (ಹೊಗೆಯಿಂದ ಶ್ವಾಸನಾಳ ಕೆಟ್ಟು ಬರುವ ದಮ್ಮಿನ ಕಾಯಿಲೆ) ಅಂತ ನಾಲ್ಕು ವರ್ಷದ ಹಿಂದೆ ಹೇಳಿದ್ದಾರೆ, ದಿನಾ ಬೆಳಿಗ್ಗೆ ಟಿಯೋವಾ ಕ್ಯಾಪ್ಸೂಲಿನ ಪುಡಿ ಎಳೀತಾರೆ, ಪ್ರೋಸ್ಟೇಟ್ ಮಾತ್ರೆಯೂ ಉಂಟು. ಈ ಸಲ ಆಟಿಯ ಮಳೆಗೆ ದಮ್ಮು ಜೋರಾಗಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ರು. ಮೊದಲ ಎರಡು ದಿನ ನಾಲ್ಕು ಗಂಟೆಗೊಮ್ಮೆ ಡ್ಯುವೋಲಿನ್, ಎರಡು ಹೊತ್ತು ಬ್ಯೂಡೆಕಾರ್ಟ್, ಜೊತೆಗೆ ಡೆರಿಫಿಲಿನ್ ಇಂಜೆಕ್ಷನ್. ಟಿಯೋವಾ ತಪ್ಪಬಾರ್ದು ಅಂತ ನಾವೇ ಮನೆಯಿಂದ ತಂದು ಬೆಳಿಗ್ಗೆ ಕೊಡ್ತಿದ್ವಿ. ಕೈ ನಡುಗ್ತಿತ್ತು, ನಾಡಿ 120, ನಿದ್ದೆಯೇ ಇಲ್ಲ. ಎರಡನೇ ರಾತ್ರಿ ಮೂತ್ರ ಕಟ್ಟಿ ಪೈಪ್ ಹಾಕ್ಬೇಕಾಯ್ತು, ಪೊಟ್ಯಾಶಿಯಂ ಕಮ್ಮಿ ಅಂತ ಸಿರಪ್ ಬೇರೆ. ಮೂರನೇ ದಿನ ಇದ್ದಕ್ಕಿದ್ದ ಹಾಗೆ ನೆಬುಲೈಜರ್ ನಿಲ್ಲಿಸಿ ಪಂಪ್ (ಒತ್ತಿ ಎಳೆಯುವ ಇನ್‌ಹೇಲರ್) ಮತ್ತೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ರು. ಆಕ್ಸಿಜನ್ 90 ಮಾತ್ರ ತೋರಿಸ್ತಿತ್ತು, ಜಾಸ್ತಿ ಮಾಡಿ ಅಂದ್ರೆ ಸಿಸ್ಟರ್ ಮಾಡ್ಲಿಲ್ಲ. ಪಕ್ಕದ ಬೆಡ್ಡಿನವರಿಗೆ ನ್ಯುಮೋನಿಯಾ, ಅದರಾಚೆಯವರಿಗೆ ಹಾರ್ಟಿನ ತೊಂದರೆ, ಅವರಿಗೂ ಅದೇ ನೆಬುಲೈಜರ್. ಎಲ್ಲರಿಗೂ ಒಂದೇ ಮದ್ದಾ? ಈಗ ಮನೆಗೆ ಮೆಷಿನ್ ತರುವ ಅಂತ ನಾನು ಹೇಳಿದ್ರೆ ಅತ್ತೆ ಬೇಡ ಅಂತಾರೆ, ಒಮ್ಮೆ ಅಭ್ಯಾಸ ಆದ್ರೆ ಬಿಡ್ಲಿಕ್ಕೆ ಆಗುದಿಲ್ಲವಂತೆ, ಹಾರ್ಟಿಗೂ ಹಾಳಂತೆ. ಎಂತ ಮಾಡುದು?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಉಂಟು, ಅದೂ ಒಂದಕ್ಕೊಂದು ಉಲ್ಟಾ. ಮೊದಲ ಎರಡು ದಿನ ಮದ್ದು ಜಾಸ್ತಿ ಆಯ್ತಾ ಅಂತ ಒಂದು, ಮೂರನೇ ದಿನದಿಂದ ಕಮ್ಮಿ ಮಾಡಿದ್ರಾ ಅಂತ ಇನ್ನೊಂದು. ಎರಡನೇದನ್ನು ಈಗಲೇ ಬಿಟ್ಟುಬಿಡಿ, ಪಂಪಿಗೆ ಬದಲಾಯಿಸಿದ್ದು ಸರಿಯಾದ ಕೆಲಸವೇ. ಮೊದಲನೇದ್ರಲ್ಲಿ ಮಾತ್ರ ಸ್ವಲ್ಪ ವಿಷಯ ಉಂಟು, ಆದ್ರೆ ನೀವು ನೆನೆಸಿದ ಜಾಗದಲ್ಲಿ ಅಲ್ಲ. ನಾನು ಆ ಚಾರ್ಟ್ ನೋಡಿದ್ರೆ ಕೈ ನಡುಗಿದ್ದಕ್ಕೆ ತಲೆ ಕೆಡಿಸಿಕೊಳ್ತಿರ್ಲಿಲ್ಲ, ಡೆರಿಫಿಲಿನ್ ಯಾಕೆ ಅಂತ ಕೇಳ್ತಿದ್ದೆ, ಮತ್ತೆ ನೀವು ಮನೆಯಿಂದ ತಂದ ಆ ಟಿಯೋವಾ ಬಗ್ಗೆ ಕೇಳ್ತಿದ್ದೆ. ಅದಕ್ಕೆ ಆಮೇಲೆ ಬರ್ತೇನೆ.

ನೆಬುಲೈಜರ್ ಅನ್ನುದು ಒಂದು ಮೆಷಿನ್ ಅಷ್ಟೆ, ದ್ರವ ಮದ್ದನ್ನು ಸಣ್ಣ ಮಂಜಿನ ಹಾಗೆ ಮಾಡಿ ಕೊಡುದು. ಅದರೊಳಗೆ ಎಂತ ಹಾಕಿದ್ದಾರೆ ಅನ್ನುದೇ ಮುಖ್ಯ. ವಾರ್ಡಲ್ಲಿ ಯಾರನ್ನು ಕೇಳಿದ್ರೂ "ನೆಬುಲೈಜರ್ ಕೊಟ್ರು" ಅಂತಾರೆ, ಎಂತದ್ದು ಅಂತ ಕೇಳಿದ್ರೆ ಗೊತ್ತಿಲ್ಲ. ನಿಮ್ಮ ಅಪ್ಪನಿಗೆ ಹಾಕಿದ ಡ್ಯುವೋಲಿನ್‌ನಲ್ಲಿ ಎರಡು ಮದ್ದುಂಟು, ಲೆವೋಸಾಲ್ಬುಟಮಾಲ್ (ಸಾಲ್ಬುಟಮಾಲಿನದ್ದೇ ಒಂದು ರೂಪ) ಮತ್ತು ಇಪ್ರಾಟ್ರೋಪಿಯಂ. ಇವೆರಡೂ ಬ್ರಾಂಕೋಡೈಲೇಟರ್, ಅಂದ್ರೆ ಶ್ವಾಸನಾಳದ ಸುತ್ತ ಇರುವ ಸ್ನಾಯುವಿನ ಬಿಗಿತ ಬಿಡಿಸುವ ಮದ್ದು. ಬ್ಯೂಡೆಕಾರ್ಟ್ ಆ ಜಾತಿಯದ್ದಲ್ಲ, ಅದು ಸ್ಟೀರಾಯ್ಡ್, ಒಳಗಿನ ಊತ ಇಳಿಸ್ಲಿಕ್ಕೆ. ಅದು ನಿಧಾನ, ಇಟ್ಟ ಕೂಡ್ಲೇ ದಮ್ಮು ಬಿಡುದಿಲ್ಲ.

ಉಸಿರಿನ ಕೊಳವೆ ಸಣ್ಣ ಆಗ್ಲಿಕ್ಕೆ ಮೂರು ಕಾರಣ ಇರ್ತದೆ. ಸುತ್ತಲಿನ ಸ್ನಾಯು ಬಿಗಿಯುದು, ಒಳಪದರ ಊದುದು, ಕಫ ಕಟ್ಟುದು. ಬ್ರಾಂಕೋಡೈಲೇಟರ್ ಕೆಲಸ ಮಾಡುದು ಮೊದಲನೇದರ ಮೇಲೆ ಮಾತ್ರ. ಅದು ಕಫ ಕರಗಿಸುದಿಲ್ಲ, ಕೀಟಾಣು ಸಾಯಿಸುದಿಲ್ಲ, ಶ್ವಾಸಕೋಶದಲ್ಲಿ ತುಂಬಿದ ನೀರು ಇಳಿಸುದಿಲ್ಲ, ಆಕ್ಸಿಜನ್ ಅಂತೂ ಅಲ್ಲವೇ ಅಲ್ಲ. ನೆಬುಲೈಜರ್ ಇಟ್ಟ ಮೇಲೆ ಕೆಮ್ಮಿ ಕಫ ಬಂದ್ರೆ "ಮದ್ದು ಕರಗಿಸಿತು" ಅಂತ ತುಂಬ ಜನ ಹೇಳ್ತಾರೆ, ನಿಜವಾಗಿ ಎಂತ ಆಗುದು ಅಂದ್ರೆ ದಾರಿ ಸ್ವಲ್ಪ ತೆರೀತದೆ, ಒದ್ದೆ ಗಾಳಿ ಹೋಗ್ತದೆ, ಕೆಮ್ಮಲಿಕ್ಕೆ ಬಲ ಬರ್ತದೆ.

ಅಸ್ತಮಾದಲ್ಲಿ ಈ ಸ್ನಾಯು ಬಿಗಿತ ದೊಡ್ಡ ಪಾಲು, ಹಾಗಾಗಿ ಅಲ್ಲಿ ಸಾಲ್ಬುಟಮಾಲ್ ಕೊಟ್ಟು ಹತ್ತು ನಿಮಿಷದಲ್ಲಿ ಮುಖದ ಬಣ್ಣವೇ ಬದಲಾಗುದನ್ನು ನೋಡ್ಬಹುದು. ಸಿಒಪಿಡಿಯಲ್ಲಿ ಹಾಗಲ್ಲ. ಬೀಡಿ, ಒಲೆಯ ಹೊಗೆ ವರ್ಷಗಟ್ಟಲೆ ಕುಡಿದು ಕೊಳವೆಯ ಗೋಡೆಯೇ ಕೆಟ್ಟಿರ್ತದೆ, ಅದನ್ನು ಯಾವ ಮದ್ದೂ ಹಿಂದೆ ತರುದಿಲ್ಲ. (ಬೀಡಿ ಮಾತ್ರ ಅಲ್ಲ, ಕಾರ್ಕಳ ಬೆಳ್ತಂಗಡಿ ಕಡೆ ಬಚ್ಚಲೊಲೆಗೆ ಮಡಲು ತೆಂಗಿನ ಸಿಪ್ಪೆ ತುರುಕಿ ನಲ್ವತ್ತು ವರ್ಷ ನೀರು ಕಾಯಿಸಿದ ಅಮ್ಮಂದಿರಿಗೂ ಇದೇ ಕಾಯಿಲೆ ಬರ್ತದೆ, ಜೀವನದಲ್ಲಿ ಒಂದು ಬೀಡಿ ಮುಟ್ಟದಿದ್ರೂ.) ಆದ್ರೂ ಉಳಿದಿರುವ ಸ್ವಲ್ಪ ಬಿಗಿತ ಬಿಟ್ರೆ ಒಳಗೆ ಸಿಕ್ಕಿಬಿದ್ದ ಹಳೇ ಗಾಳಿ ಹೊರಗೆ ಬರ್ತದೆ, ಎದೆ ಹಗುರ ಆಗ್ತದೆ. ಟೆಸ್ಟಿನಲ್ಲಿ ನಂಬರ್ ದೊಡ್ಡದಾಗಿ ಏರದಿದ್ರೂ ರೋಗಿಗೆ ಸುಖ ಗೊತ್ತಾಗ್ತದೆ. ಹಾಗಾಗಿ ನಿಮ್ಮ ಅಪ್ಪನಿಗೆ ಕೊಟ್ಟದ್ದು ಬೇಕಾದ ಮದ್ದೇ.

ಈಗ ಪಕ್ಕದ ಬೆಡ್ಡುಗಳ ಕತೆ. ನೀವು ಗಮನಿಸಿದ್ದು ಒಳ್ಳೆ ಪ್ರಶ್ನೆ, ನಮ್ಮೊಳಗೇ ನಾವು ಕೇಳ್ಕೊಳ್ಳಬೇಕಾದ್ದು. ಬರೀ ನ್ಯುಮೋನಿಯಾ ಇದ್ದವರಿಗೆ, ಹಿಂದೆ ಅಸ್ತಮಾ ಸಿಒಪಿಡಿ ಏನೂ ಇಲ್ಲದಿದ್ರೆ, ಬ್ರಾಂಕೋಡೈಲೇಟರ್‌ನಿಂದ ಹೇಳಿಕೊಳ್ಳುವ ಪ್ರಯೋಜನ ಇಲ್ಲ. ಅಲ್ಲಿ ಗಾಳಿಚೀಲದಲ್ಲೇ ಕೀವು ನೀರು ತುಂಬಿರ್ತದೆ, ಕೊಳವೆ ತೆರೆದಿಟ್ರೆ ಎಂತ ಸಿಕ್ತದೆ? ಹಾರ್ಟ್ ಫೇಲ್ ಆಗಿ ಶ್ವಾಸಕೋಶಕ್ಕೆ ನೀರು ಬಂದವರಿಗೂ ಎದೆಯಲ್ಲಿ ಸುಯ್ ಸುಯ್ ಸದ್ದು ಬರ್ತದೆ, ಕಿವಿಗೆ ಥೇಟ್ ಅಸ್ತಮಾದ ಹಾಗೆ. ಅವರಿಗೆ ಬೇಕಾದ್ದು ನೀರು ಇಳಿಸುವ ಇಂಜೆಕ್ಷನ್. ಅಂಥವರಿಗೆ ಸಾಲ್ಬುಟಮಾಲ್ ಮತ್ತೆ ಮತ್ತೆ ಕೊಟ್ರೆ ಮೊದಲೇ ದಣಿದ ಹಾರ್ಟ್ ಇನ್ನೂ ಜೋರು ಓಡ್ತದೆ, ಲಯ ತಪ್ಪುವ ಅಪಾಯವೂ ಉಂಟು. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲೂ ಇದರಿಂದ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಆರೇಳು ತಿಂಗಳ ಮಗುವಿಗೆ ವೈರಸ್‌ನಿಂದ ಬ್ರಾಂಕಿಯೋಲೈಟಿಸ್ (ಸಣ್ಣ ಶ್ವಾಸನಾಳ ಊದಿ ಕಫ ಕಟ್ಟುದು) ಬಂದಾಗ ಕೂಡ ಇದನ್ನು ಸುಮ್ಮನೆ ಮಾಮೂಲಾಗಿ ಕೊಡುದು ಬೇಡ ಅಂತ 2014ರಲ್ಲೇ ಅಮೆರಿಕದ ಮಕ್ಕಳ ತಜ್ಞರ ಸಂಘ ಸ್ಪಷ್ಟವಾಗಿ ಹೇಳಿದೆ.

ಮತ್ತೆ ಯಾಕೆ ಕೊಡ್ತಾರೆ? ಒಂದು ನ್ಯಾಯವಾದ ಕಾರಣ ಉಂಟು. ರಾತ್ರಿ ಎರಡು ಗಂಟೆಗೆ ಕ್ಯಾಶುವಲ್ಟಿಗೆ ಏದುಸಿರು ಬಿಡ್ತಾ ಒಬ್ಬರು ಬರ್ತಾರೆ, ಹಳೇ ಚೀಟಿ ಯಾವುದೂ ಇಲ್ಲ, ಎದೆಯಲ್ಲಿ ಸುಯ್ ಅಂತ ಸದ್ದು, ಅದು ಹಾರ್ಟಾ ಲಂಗ್ಸಾ ಅಂತ ಎಕ್ಸರೇ, ಇಸಿಜಿ, ರಕ್ತ ಪರೀಕ್ಷೆ ಬರುವವರೆಗೆ ಗೊತ್ತಾಗುದಿಲ್ಲ. ಆಗ ಒಂದೆರಡು ಸಲ ಕೊಟ್ಟು ನೋಡುದರಲ್ಲಿ ತಪ್ಪಿಲ್ಲ, ನಾನೂ ಕೊಡ್ತೇನೆ. ತೊಂದರೆ ಇರುದು ಮರುದಿನ ಬೆಳಿಗ್ಗೆ. ರೋಗ ಇಂಥದ್ದು ಅಂತ ಗೊತ್ತಾದ ಮೇಲೂ ರಾತ್ರಿ ಬರೆದ "ಆರು ಗಂಟೆಗೊಮ್ಮೆ ಡ್ಯುವೋಲಿನ್" ಅನ್ನುವ ಸಾಲನ್ನು ಯಾರೂ ಹೊಡೆದು ಹಾಕುದಿಲ್ಲ, ಅದು ಡಿಸ್ಚಾರ್ಜ್ ದಿನದವರೆಗೂ ಚಾರ್ಟಿನಲ್ಲಿ ಹಾಗೇ ನಡೀತದೆ. ಇನ್ನೊಂದು ಕಾರಣ ಹೇಳಿದ್ರೆ ನೀವು ಬೇಜಾರು ಮಾಡ್ಬೇಡಿ, ಮನೆಯವರೂ ಕಾರಣ. "ಪಕ್ಕದವರಿಗೆ ಇಟ್ರು ನಮ್ಮವರಿಗೆ ಇಡ್ಲಿಲ್ಲ" ಅಂತ ನರ್ಸಿಂಗ್ ಸ್ಟೇಷನ್ ಎದುರು ನಿಂತು ಗಲಾಟೆ ಮಾಡುವವರು ಎಷ್ಟೋ ಜನ. ಮೆಷಿನ್ ಸದ್ದು ಕೇಳಿದ್ರೆ ಚಿಕಿತ್ಸೆ ನಡೀತಾ ಉಂಟು ಅಂತ ಒಂದು ಸಮಾಧಾನ. ಹಾಗಂತ ನಿಮ್ಮ ಪಕ್ಕದ ಬೆಡ್ಡಿನವರಿಗೆ ನ್ಯುಮೋನಿಯಾದ ಜೊತೆಗೆ ಹಳೇ ಅಸ್ತಮಾ ಇದ್ದಿರಲೂಬಹುದು, ಹಾಗಿದ್ರೆ ಅವರಿಗೆ ಕೊಟ್ಟದ್ದು ಸರಿ.

ನಿಮ್ಮ ಅಪ್ಪನ ಚಾರ್ಟಿಗೆ ಬರುವ.

ಕೈ ನಡುಕ, ನಾಡಿ ಏರುದು, ನಿದ್ದೆ ಬಾರದಿರುದು, ಇದೆಲ್ಲ ಸಾಲ್ಬುಟಮಾಲ್ ಜಾತಿಯ ಮದ್ದಿನ ಮಾಮೂಲಿ ಅಡ್ಡ ಪರಿಣಾಮ. ಅದು ಶ್ವಾಸನಾಳದ ಸ್ನಾಯುವಿನ ಮೇಲೆ ಮಾತ್ರ ಕೂತ್ಕೊಳ್ಳುದಿಲ್ಲ, ರಕ್ತಕ್ಕೂ ಸ್ವಲ್ಪ ಹೋಗ್ತದೆ, ಕೈಯ ಸ್ನಾಯು ಹಾರ್ಟು ಎಲ್ಲ ಕಡೆ ಅದೇ ಗುಂಡಿ ಒತ್ತುತ್ತದೆ. ಡೋಸ್ ಇಳಿದ ಹಾಗೆ ಹೋಗ್ತದೆ. "ಲೆವೋ" ಅಂತ ಇದ್ರೆ ನಡುಕ ಕಮ್ಮಿ ಅಂತ ಪ್ರಚಾರ ಉಂಟು, ವಾಸ್ತವದಲ್ಲಿ ಅಂಥ ದೊಡ್ಡ ವ್ಯತ್ಯಾಸ ನನಗಂತೂ ಕಂಡಿಲ್ಲ. ಪೊಟ್ಯಾಶಿಯಂ ಇಳಿಯುದೂ ಇದರದ್ದೇ ಕೆಲಸ, ಈ ಮದ್ದು ರಕ್ತದ ಪೊಟ್ಯಾಶಿಯಂ ಅನ್ನು ಜೀವಕೋಶದ ಒಳಗೆ ತಳ್ಳುತ್ತದೆ. ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್, ಮೂತ್ರ ಹೋಗುವ ಮಾತ್ರೆ, ಡೆರಿಫಿಲಿನ್ ಸೇರಿದ್ರೆ ಇನ್ನೂ ಇಳೀತದೆ. ಪೊಟ್ಯಾಶಿಯಂ ತೀರಾ ಇಳಿದ್ರೆ ಹಾರ್ಟಿನ ಲಯ ಕೆಡಬಹುದು, ಹಾಗಾಗಿ ಅವರು ರಕ್ತ ಪರೀಕ್ಷೆ ಮಾಡಿ ಸಿರಪ್ ಕೊಟ್ಟದ್ದು ಎಚ್ಚರದ ಲಕ್ಷಣ, ಅದಕ್ಕೆ ಹೆದರ್ಬೇಡಿ.

ಇಲ್ಲೊಂದು ಸೂಕ್ಷ್ಮ ಉಂಟು, ವಾರ್ಡಲ್ಲಿ ಜನ ತಪ್ಪುವ ಜಾಗ. ಸಾಲ್ಬುಟಮಾಲ್ ತುಂಬಾ ಜಾಸ್ತಿ ಆದಾಗ ಕೆಲವರಿಗೆ ರಕ್ತದಲ್ಲಿ ಲ್ಯಾಕ್ಟೇಟ್ ಅನ್ನುವ ಆಮ್ಲ ಏರ್ತದೆ. ಆ ಆಮ್ಲವನ್ನು ಸರಿದೂಗಿಸ್ಲಿಕ್ಕೆ ದೇಹ ಉಸಿರಾಟ ಜೋರು ಮಾಡ್ತದೆ. ನೋಡುವವರಿಗೆ ದಮ್ಮು ಜಾಸ್ತಿ ಆದ ಹಾಗೆ ಕಾಣ್ತದೆ, ಮತ್ತೆ ನೆಬುಲೈಜರ್ ಇಡ್ತಾರೆ, ಅದು ಇನ್ನೂ ಏರ್ತದೆ. ಎದೆಗೆ ಸ್ಟೆತ್ ಇಟ್ರೆ ಗಾಳಿ ಚೆನ್ನಾಗಿ ಹೋಗ್ತಾ ಉಂಟು, ಸದ್ದು ಕಮ್ಮಿ ಆಗಿದೆ, ಆದ್ರೂ ರೋಗಿ ಏದುಸಿರು ಬಿಡ್ತಾ ಇದ್ದಾರೆ ಅಂದ್ರೆ ಅಲ್ಲಿ ಮದ್ದು ಕಮ್ಮಿ ಮಾಡಿ ನೋಡ್ಬೇಕು. ಹಾಗಾಗಿ ಪ್ರತಿ ಸಲ ಇಡುವ ಮೊದಲು ಮತ್ತೆ ಇಟ್ಟ ಮೇಲೆ ಎದೆ ಕೇಳುದು, ನಾಡಿ, ಉಸಿರಿನ ಲೆಕ್ಕ ನೋಡುದು ಮುಖ್ಯ. ಗಡಿಯಾರ ನೋಡಿ ಮಾತ್ರ ಇಡುವ ಮದ್ದಲ್ಲ ಇದು.

ಈಗ ಮೂತ್ರ ಕಟ್ಟಿದ ವಿಷಯ. ನಿಮ್ಮ ಇಡೀ ಪತ್ರದಲ್ಲಿ ನನಗೆ ಅತೀ ಮುಖ್ಯ ಅನಿಸಿದ ಸಾಲು ಇದು. ಡ್ಯುವೋಲಿನ್‌ನಲ್ಲಿರುವ ಎರಡನೇ ಮದ್ದು ಇಪ್ರಾಟ್ರೋಪಿಯಂ, ಅದು ಅಟ್ರೋಪಿನ್ ಕುಟುಂಬದ್ದು. ನಮ್ಮ ಗುಡ್ಡೆ ಬದಿಯಲ್ಲಿ ಬೆಳೆಯುವ ಉಮ್ಮತ್ತದಲ್ಲಿರುವುದೂ ಅದೇ ಕುಟುಂಬದ ರಾಸಾಯನಿಕ, ಹಿಂದೆ ದಮ್ಮಿಗೆ ಉಮ್ಮತ್ತದ ಎಲೆಯ ಹೊಗೆ ಎಳೀತಿದ್ರು, ಅದರಲ್ಲಿ ಸತ್ಯಾಂಶ ಇದ್ದದ್ದು ಹೌದು, ಆದ್ರೆ ಅದು ವಿಷ, ದಯವಿಟ್ಟು ಈಗ ಯಾರೂ ಪ್ರಯೋಗ ಮಾಡ್ಬೇಡಿ ಮಾರಾಯ್ರೆ. ಈ ಕುಟುಂಬದ ಮದ್ದುಗಳು ಬಾಯಿ ಒಣಗಿಸ್ತವೆ, ಮೂತ್ರಕೋಶದ ಹಿಂಡುವ ಶಕ್ತಿ ತಗ್ಗಿಸ್ತವೆ. ಪ್ರೋಸ್ಟೇಟ್ ದೊಡ್ಡದಾದ ಗಂಡಸರಿಗೆ ಮೊದಲೇ ದಾರಿ ಇಕ್ಕಟ್ಟು, ಅದರ ಮೇಲೆ ಇದು ಬಂದ್ರೆ ಮೂತ್ರ ಕಟ್ಟಿಬಿಡ್ತದೆ.

ಈಗ ಲೆಕ್ಕ ಹಾಕಿ. ಇಪ್ರಾಟ್ರೋಪಿಯಂ ಸಾಮಾನ್ಯವಾಗಿ 500 ಮೈಕ್ರೋಗ್ರಾಂ, ದಿನಕ್ಕೆ ನಾಲ್ಕು ಸಲ ಸಾಕು. ನಿಮ್ಮ ಅಪ್ಪನಿಗೆ ನಾಲ್ಕು ಗಂಟೆಗೊಮ್ಮೆ ಡ್ಯುವೋಲಿನ್, ಅಂದ್ರೆ ದಿನಕ್ಕೆ ಆರು ಸಲ, 3000 ಮೈಕ್ರೋಗ್ರಾಂ. ತೀರಾ ಜೋರಿದ್ದಾಗ ಮೊದಲ ಕೆಲವು ಗಂಟೆ ಹಾಗೆ ಕೊಡುದುಂಟು, ಆದ್ರೆ ಆಮೇಲೆ ನಾಲ್ಕು ಗಂಟೆಗೊಮ್ಮೆ ಬೇಕೇ ಬೇಕು ಅಂತಾದ್ರೆ ಮಧ್ಯದ್ದಕ್ಕೆ ಬರೀ ಸಾಲ್ಬುಟಮಾಲ್ ಹಾಕಿದ್ರೆ ಆಯ್ತು. ಅದರ ಮೇಲೆ ಬೆಳಿಗ್ಗೆ ಟಿಯೋವಾ. ಟಿಯೋವಾ ಅಂದ್ರೆ ಟಿಯೋಟ್ರೋಪಿಯಂ, ಅದೇ ಕುಟುಂಬದ ಅಣ್ಣ, 24 ಗಂಟೆ ಕೆಲಸ ಮಾಡುವಂಥದ್ದು. ಇಪ್ರಾಟ್ರೋಪಿಯಂ ಕೊಡುವಾಗ ಟಿಯೋಟ್ರೋಪಿಯಂ ನಿಲ್ಲಿಸಿ ಇಡ್ಬೇಕು, ಎರಡೂ ಒಟ್ಟಿಗೆ ಕೊಟ್ರೆ ದಮ್ಮಿಗೆ ಹೆಚ್ಚಿನ ಲಾಭ ಇಲ್ಲ, ತೊಂದರೆ ಮಾತ್ರ ಡಬಲ್. ನೀವು ಒಳ್ಳೇದಕ್ಕೇ ಕೊಟ್ಟದ್ದು, ಅದು ನನಗೆ ಗೊತ್ತುಂಟು. ಆದ್ರೆ ವಾರ್ಡಿನ ಚಾರ್ಟಿನಲ್ಲಿ ಅದು ಇರ್ಲಿಲ್ಲ, ಡಾಕ್ಟ್ರಿಗೆ ಅದು ಹೋಗ್ತಾ ಇರುದು ಗೊತ್ತೇ ಇರ್ಲಿಕ್ಕಿಲ್ಲ. ಮನೆಯ ಮದ್ದಿನ ಚೀಲವನ್ನು ಅಡ್ಮಿಟ್ ಆದ ದಿನವೇ ಮೇಜಿನ ಮೇಲೆ ಸುರಿದು "ಇದ್ರಲ್ಲಿ ಯಾವುದು ಬೇಕು, ಯಾವುದು ನಿಲ್ಲಿಸ್ಬೇಕು" ಅಂತ ಕೇಳಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ರೆ ಅದನ್ನೂ ಹೇಳ್ಬೇಕು, ಅದಕ್ಕೆ ಹಾಕುವ ಟಿಮೋಲೋಲ್ ಡ್ರಾಪ್ಸ್ ದಮ್ಮು ಎಬ್ಬಿಸ್ತದೆ, ಜನ ಕಣ್ಣಿನ ಡ್ರಾಪ್ಸನ್ನು ಮದ್ದು ಅಂತಲೇ ಲೆಕ್ಕ ಹಾಕುದಿಲ್ಲ.

ಡೆರಿಫಿಲಿನ್. ಇದು ನಮ್ಮ ಕಡೆ ಹಳೇ ಅಭ್ಯಾಸ, ದಮ್ಮು ಅಂದ ಕೂಡ್ಲೇ ಕೈ ಅದಕ್ಕೇ ಹೋಗ್ತದೆ, ಅಗ್ಗ, ಎಲ್ಲ ಕಡೆ ಸಿಗ್ತದೆ. ಥಿಯೋಫಿಲಿನ್ ಜಾತಿಯದ್ದು, ನಮ್ಮ ಕಾಫಿಯ ಕೆಫೀನ್ ಅದರ ಹತ್ತಿರದ ಸಂಬಂಧಿ. ದಾರಿ ತೆರೆಯುವ ಶಕ್ತಿ ಕಮ್ಮಿ, ಆದ್ರೆ ಕೆಲಸ ಮಾಡುವ ಡೋಸಿಗೂ ವಿಷ ಆಗುವ ಡೋಸಿಗೂ ನಡುವೆ ಅಂತರ ಬಹಳ ಕಮ್ಮಿ. ವಾಂತಿ, ಎದೆ ಬಡಿತ, ಜಾಸ್ತಿ ಆದ್ರೆ ಫಿಟ್ಸ್ ಕೂಡ. ಸಿಒಪಿಡಿ ಜೋರಾದಾಗ ಇದನ್ನು ಕೊಡುದು ಬೇಡ ಅಂತ ಸಿಒಪಿಡಿಯ ಜಾಗತಿಕ ಮಾರ್ಗದರ್ಶಿ ಗೋಲ್ಡ್ ಹೇಳ್ತದೆ, ಕಾರಣ ಅಡ್ಡ ಪರಿಣಾಮ. ಮತ್ತೆ ನಿಮ್ಮ ಅಪ್ಪನಿಗೆ ಒಂದು ವಿಶೇಷ ಉಂಟು. ಬೀಡಿ ಸೇದುವವರ ಲಿವರ್ ಥಿಯೋಫಿಲಿನ್ ಅನ್ನು ಬೇಗ ಬೇಗ ಹೊರಗೆ ಹಾಕ್ತದೆ, ಆಸ್ಪತ್ರೆಗೆ ಸೇರಿ ಬೀಡಿ ನಿಂತ ಕೂಡ್ಲೇ ಆ ವೇಗ ಇಳೀಲಿಕ್ಕೆ ಶುರು, ಹಾಗಾಗಿ ಅದೇ ಡೋಸಿಗೆ ರಕ್ತದಲ್ಲಿ ಮಟ್ಟ ಏರ್ತಾ ಹೋಗ್ತದೆ. ಸಿಪ್ರೋಫ್ಲಾಕ್ಸಾಸಿನ್, ಕ್ಲಾರಿಥ್ರೋಮೈಸಿನ್ ಅಂಥ ಆಂಟಿಬಯೋಟಿಕ್ ಸೇರಿದ್ರೂ ಅಷ್ಟೇ. ಡಿಸ್ಚಾರ್ಜ್ ಚೀಟಿಯಲ್ಲಿ ಡೆರಿಫಿಲಿನ್ ಮಾತ್ರೆ ಬರೆದಿದ್ರೆ ಇದು ಇನ್ನೂ ಬೇಕಾ ಅಂತ ಕೇಳಿ. ಬೇರೆಲ್ಲ ಕೊಟ್ಟೂ ಸಾಕಾಗದ ಕೆಲವರಿಗೆ ಇದು ಬೇಕಾಗ್ತದೆ, ಇಲ್ಲ ಅಂತ ಹೇಳುದಿಲ್ಲ.

ಆಕ್ಸಿಜನ್ 90ರಲ್ಲೇ ಇಟ್ಟ ಆ ಸಿಸ್ಟರಿಗೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳಿ. ಸಿಒಪಿಡಿಯಲ್ಲಿ ಗುರಿ 88ರಿಂದ 92. ನೂರಕ್ಕೆ ಏರಿಸಿದ್ರೆ ಕೆಲವರಿಗೆ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಮಂಪರು ಬರ್ತದೆ, ಮಾತಾಡ್ತಿದ್ದವರು ಹಾಗೇ ತೂಕಡಿಸ್ಲಿಕ್ಕೆ ಶುರು ಮಾಡ್ತಾರೆ, ಮನೆಯವರು "ಪಾಪ ಈಗ ನಿದ್ದೆ ಬಂತು" ಅಂತ ಸಮಾಧಾನ ಪಡ್ತಾರೆ. ಇದೇ ಕಾರಣಕ್ಕೆ ಅಂಥವರ ನೆಬುಲೈಜರನ್ನು ಸಾಧಾರಣ ಗಾಳಿಯ ಮೆಷಿನಿಂದ ಓಡಿಸ್ಬೇಕು, ಆಕ್ಸಿಜನ್ ಬೇಕಾದ್ರೆ ಮೂಗಿನ ನಳಿಗೆಯಲ್ಲಿ ಸಣ್ಣಗೆ ಬೇರೆ ಕೊಡ್ಬೇಕು. ಗೋಡೆಯ ಆಕ್ಸಿಜನ್ ಪೈಪಿಗೇ ಸಿಕ್ಕಿಸಿದ್ರೆ ಆ ಹತ್ತು ನಿಮಿಷ ನಿಮಿಷಕ್ಕೆ 6ರಿಂದ 8 ಲೀಟರ್ ಹೋಗ್ತದೆ. ಜೋರು ಅಸ್ತಮಾದಲ್ಲಿ ಮಾತ್ರ ಉಲ್ಟಾ, ಅಲ್ಲಿ ಆಕ್ಸಿಜನಿಂದಲೇ ಓಡಿಸುದು ಒಳ್ಳೇದು.

ಮತ್ತೆ ಮೂರನೇ ದಿನದ ಪಂಪ್ ಮತ್ತು ಡಬ್ಬಿ. ಆ ಡಬ್ಬಿಗೆ ಸ್ಪೇಸರ್ ಅಂತಾರೆ. ನೀವು ಮದ್ದು ಕಮ್ಮಿ ಮಾಡಿದ್ರು ಅಂದ್ಕೊಂಡಿದ್ದೀರಿ. ನೆಬುಲೈಜರಿನ ಸಾಲ್ಬುಟಮಾಲ್ ಒಂದು ಡೋಸ್ 2.5 ಮಿಲಿಗ್ರಾಂ, ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ, ಕಾಗದದ ಮೇಲೆ ನೋಡಿದ್ರೆ ಇಪ್ಪತ್ತೈದು ಪಟ್ಟು ವ್ಯತ್ಯಾಸ. ಆದ್ರೆ ನೆಬುಲೈಜರಿನ ಮದ್ದಿನಲ್ಲಿ ಶ್ವಾಸಕೋಶ ಮುಟ್ಟುದು ಹತ್ತರಲ್ಲಿ ಒಂದು ಪಾಲು ಆಸುಪಾಸು, ಉಳಿದದ್ದು ಕಪ್ಪಿನಲ್ಲಿ ಅಂಟಿಕೊಳ್ತದೆ, ಗಾಳಿಗೆ ಹೋಗ್ತದೆ, ಗಂಟಲಿಗೆ ಹೋಗ್ತದೆ. ವಾರ್ಡಲ್ಲಿ ನೋಡ್ತೀರಲ್ಲ, ಮಾಸ್ಕ್ ಗದ್ದದ ಹತ್ರ ಜೋತಾಡ್ತಾ ಇರ್ತದೆ, ಅಜ್ಜ ಮಲಗಿದಲ್ಲೇ ಮೊಮ್ಮಗಳ ಹತ್ರ ಫೋನಲ್ಲಿ ಮಾತಾಡ್ತಾ ಇರ್ತಾರೆ, ಬಿಳೀ ಮಂಜು ಕನ್ನಡಕದ ಮೇಲೆ ಹನಿ ಕಟ್ಟಿ ಮೇಲೆ ಫ್ಯಾನಿಗೆ ಹೋಗ್ತಾ ಉಂಟು. ಆ ಮಂಜು ಕಣ್ಣಿಗೆ ಬಿದ್ರೆ ಇಪ್ರಾಟ್ರೋಪಿಯಂ ಕಣ್ಣಿನ ಒತ್ತಡ ಏರಿಸಬಹುದು, ಅದಕ್ಕೇ ಆಗುವವರಿಗೆ ಮಾಸ್ಕಿನ ಬದಲು ಬಾಯಲ್ಲಿ ಕಚ್ಚಿಕೊಳ್ಳುವ ನಳಿಗೆ ಕೊಡುದು, ನೆಟ್ಟಗೆ ಕೂರಿಸಿ. ಪಂಪನ್ನು ಸ್ಪೇಸರ್ ಜೊತೆ ಸರಿಯಾಗಿ ತಗೊಂಡ್ರೆ ನಾಲ್ಕಾರು ಪಫ್‌ಗೆ ಅದೇ ಫಲ ಬರ್ತದೆ, ನಡುಕ, ಎದೆ ಬಡಿತವೂ ಕಮ್ಮಿ. ಕ್ಯಾಶುವಲ್ಟಿಯಲ್ಲಿ ಅಸ್ತಮಾದವರಿಗೂ ಮೊದಲ ಒಂದು ಗಂಟೆ 20 ನಿಮಿಷಕ್ಕೊಮ್ಮೆ 4ರಿಂದ 10 ಪಫ್ ಸ್ಪೇಸರಿನಲ್ಲೇ ಕೊಡ್ಬಹುದು. ನೆಬುಲೈಜರ್ ಬೇಕಾಗುದು ಮಾತೇ ಆಡ್ಲಿಕ್ಕೆ ಆಗದಷ್ಟು ದಣಿದವರಿಗೆ, ಹೇಳಿದ ಹಾಗೆ ಉಸಿರು ಎಳೀಲಿಕ್ಕೆ ಆಗದವರಿಗೆ, ಗೊಂದಲದಲ್ಲಿರುವವರಿಗೆ. ಸ್ವಲ್ಪ ಸುಧಾರಿಸಿದ ಕೂಡ್ಲೇ ಪಂಪಿಗೆ ಬದಲಾಯಿಸಿ ಒಂದೆರಡು ದಿನ ಅದರಲ್ಲೇ ನೋಡುದು ನಿಯಮ, ಯಾಕಂದ್ರೆ ಮನೆಯಲ್ಲಿ ಅದೇ ತಾನೇ ಇರುದು. ಆಸ್ಪತ್ರೆಯಲ್ಲಿ ಕೊನೇ ಗಳಿಗೆವರೆಗೂ ಮೆಷಿನ್ ಇಟ್ಟು ಬಾಗಿಲಲ್ಲಿ ಪಂಪ್ ಕೈಗೆ ಕೊಟ್ಟು ಕಳಿಸಿದ್ರೆ ಅದನ್ನು ಒತ್ತಲಿಕ್ಕೂ ಬರುದಿಲ್ಲ, ವಾರದಲ್ಲಿ ವಾಪಸ್ ಬರ್ತಾರೆ. ನಿಮ್ಮ ಅಪ್ಪನಿಗೆ ಮೂರು ದಿನ ಸಿಕ್ಕಿತಲ್ಲ, ಅದು ಲಾಭ.

ಅಭ್ಯಾಸ ಆಗ್ತದೆ ಅನ್ನುವ ಮಾತು. ನಿಮ್ಮ ಅತ್ತೆ ಒಬ್ಬರೇ ಅಲ್ಲ, ಕರಾವಳಿ ಇಡೀ ಹೇಳ್ತದೆ. ಬೀಡಿ ಹೆಂಡದ ಹಾಗೆ ಇದರ ಚಟ ಹಿಡಿಯುದಿಲ್ಲ. ಕಾಯಿಲೆ ಇರುವವರೆಗೆ ಮದ್ದು ಬೇಕು, ಅದನ್ನು ಚಟ ಅಂತ ಕರೆದ್ರೆ ಬಿಪಿ ಮಾತ್ರೆಯೂ ಚಟವೇ. ಆದ್ರೆ ಅವರ ಮಾತಿನಲ್ಲಿ ಒಂದು ಎಳೆ ನಿಜ ಉಂಟು. ಅಸ್ತಮಾದವರು ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಿಟ್ಟು ಬರೀ ಸಾಲ್ಬುಟಮಾಲ್ ಒಂದನ್ನೇ ಎಳೀತಾ ಕೂತ್ರೆ ಕೊಳವೆ ಅದಕ್ಕೆ ಸ್ಪಂದಿಸುದು ಕಮ್ಮಿ ಆಗ್ತದೆ, ಒಳಗಿನ ಊತ ಬೆಳೀತಾ ಇರ್ತದೆ. ವರ್ಷಕ್ಕೆ 200 ಪಫ್‌ನ ಮೂರು ಅಥವಾ ಜಾಸ್ತಿ ಪಂಪ್ ಖಾಲಿ ಆದ್ರೆ ದಮ್ಮು ಜೋರಾಗುವ ಅಪಾಯ ಹೆಚ್ಚು, 12 ಅಥವಾ ಜಾಸ್ತಿ ಆದ್ರೆ ಜೀವದ ಅಪಾಯವೇ ಹೆಚ್ಚು. ಅಸ್ತಮಾದ ಜಾಗತಿಕ ಮಾರ್ಗದರ್ಶಿ ಗೀನಾ 2019ರಿಂದ ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಕೊಡುದನ್ನೇ ಬೇಡ ಅಂದಿದೆ. ಹಾರ್ಟಿನ ಭಯಕ್ಕೂ ಒಂದು ಇತಿಹಾಸ ಉಂಟು, 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸೋಪ್ರಿನಲಿನ್ ಅನ್ನುವ ಹಳೇ ಮದ್ದಿನ ತೀಕ್ಷ್ಣ ಪಂಪ್ ಬಂದ ಕಾಲದಲ್ಲಿ ಅಸ್ತಮಾದ ಸಾವು ಏರಿತ್ತು. ಈಗಿನ ಸಾಲ್ಬುಟಮಾಲ್ ಅದಕ್ಕಿಂತ ಸುರಕ್ಷಿತ. ಹಾರ್ಟಿನ ಕಾಯಿಲೆ ಇದ್ದವರಿಗೂ ಕೊಡ್ಬಹುದು, ಡೋಸ್ ನೋಡಿ, ಇಸಿಜಿ ಪೊಟ್ಯಾಶಿಯಂ ನೋಡಿ.

ಮನೆಗೆ ಮೆಷಿನ್ ತರ್ಬೇಕಾ? ನಿಮ್ಮ ಅಪ್ಪನಿಗೆ ಈಗ ಬೇಡ ಅಂತ ನನ್ನ ಅಭಿಪ್ರಾಯ. ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗ್ತದೆ, ದುಡ್ಡಿನ ಪ್ರಶ್ನೆ ಅಲ್ಲ. ಮನೆಯಲ್ಲಿ ಮೆಷಿನ್ ಇದ್ರೆ ದಮ್ಮು ಜೋರಾದಾಗ ಆಸ್ಪತ್ರೆಗೆ ಹೊರಡುವ ಬದಲು ಇನ್ನೊಂದು ಸಲ ಇಡುವ, ಇನ್ನೊಂದು ಸಲ ಇಡುವ ಅಂತ ರಾತ್ರಿ ಇಡೀ ಕಳೀತಾರೆ, ಬೆಳಿಗ್ಗೆ ಬರುವಾಗ ಉಸಿರು ನಿಲ್ಲುವ ಸ್ಥಿತಿ. ಇನ್ನೊಂದು, ಕಪ್ಪು ತೊಳೆಯುದು. ದಿನಾ ತೊಳೆದು ಒಣಗಿಸದಿದ್ರೆ ಅದರಲ್ಲೇ ಬ್ಯಾಕ್ಟೀರಿಯಾ ಬೆಳೆದು ನೇರ ಶ್ವಾಸಕೋಶಕ್ಕೆ ಹೋಗ್ತದೆ, ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುದಿಲ್ಲ, ಕಪ್ಪು ಎಲ್ಲಿ ಒಣಗುದು. ಮದ್ದು ತೆಳು ಮಾಡ್ಲಿಕ್ಕೆ ಬಾವಿ ನೀರು ನಳ್ಳಿ ನೀರು ಹಾಕುವವರೂ ಉಂಟು, ಅದಂತೂ ಬೇಡವೇ ಬೇಡ, ಸಲೈನ್ ಮಾತ್ರ. ಕೈ ಗಂಟು ನೋವಿಂದ ಪಂಪ್ ಒತ್ತಲಿಕ್ಕೇ ಆಗದವರಿಗೆ, ಮರೆವಿನ ಕಾಯಿಲೆ ಇದ್ದವರಿಗೆ, ಎಳೆಯುವ ಶಕ್ತಿಯೇ ಇಲ್ಲದವರಿಗೆ ಮೆಷಿನ್ ಸರಿ. ಅದನ್ನು ಡಾಕ್ಟ್ರು ಬರೆದುಕೊಟ್ಟು, ಎಷ್ಟು ಸಲ, ಯಾವಾಗ ನಿಲ್ಲಿಸಿ ಹೊರಡ್ಬೇಕು ಅಂತ ಚೀಟಿಯಲ್ಲಿ ಇದ್ರೆ.

ಅದಕ್ಕಿಂತ ಮೊದಲು ಅಪ್ಪ ಕ್ಯಾಪ್ಸೂಲ್ ಹೇಗೆ ಎಳೀತಾರೆ ಅಂತ ಎದುರು ಕೂತು ನೋಡಿ. ನನ್ನ ಓಪಿಡಿಯಲ್ಲಿ "ತೋರಿಸಿ" ಅಂದ್ರೆ ಅದನ್ನು ನೀರಿಟ್ಟು ನುಂಗುವವರು ಈಗಲೂ ಬರ್ತಾರೆ. ಪುಡಿಯ ಡಿವೈಸಿಗೆ ಜೋರಾಗಿ ಎಳೀಬೇಕು, ಪಂಪ್ ಸ್ಪೇಸರಿಗೆ ನಿಧಾನ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡೀಬೇಕು, ಜನ ಸರೀ ಉಲ್ಟಾ ಮಾಡ್ತಾರೆ. ಎಳೆದಾದ ಮೇಲೆ ಡಿವೈಸ್ ಬಿಚ್ಚಿ ಕ್ಯಾಪ್ಸೂಲ್ ನೋಡಿ, ಪುಡಿ ಉಳಿದಿದ್ರೆ ಅದನ್ನೇ ಮತ್ತೊಮ್ಮೆ ಎಳೀಲಿ. ಮತ್ತೆ ಆಟಿಯಲ್ಲಿ ಕ್ಯಾಪ್ಸೂಲ್ ಬಾಟಲಿಯ ಮುಚ್ಚಳ ತೆರೆದಿಟ್ರೆ ಹಪ್ಪಳ ಮೆತ್ತಗಾದ ಹಾಗೆ ಒಳಗಿನ ಪುಡಿ ತೇವ ಹಿಡಿದು ಗಂಟು ಕಟ್ಟುತ್ತದೆ, ಎಷ್ಟು ಎಳೆದ್ರೂ ಬರುದಿಲ್ಲ. ಒಂದೊಂದೇ ತೆಗೆದು ತಕ್ಷಣ ಮುಚ್ಚಿ, ಕಿಟಕಿ ಬದಿಯಲ್ಲಿ ಬಚ್ಚಲ ಪಕ್ಕದಲ್ಲಿ ಇಡ್ಬೇಡಿ. ಈ ಸಲದ ದಮ್ಮು ಅಲ್ಲಿಂದಲೇ ಶುರುವಾಗಿದ್ರೂ ಆಶ್ಚರ್ಯ ಇಲ್ಲ. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ಬಟ್ಟೆಯಲ್ಲಿ ಒರೆಸದೆ ಹಾಗೇ ಗಾಳಿಗೆ ಒಣಗಿಸಿ, ಒರೆಸಿದ್ರೆ ಒಳಗೆ ಸ್ಥಾಯಿ ವಿದ್ಯುತ್ ಬಂದು ಮದ್ದು ಗೋಡೆಗೆ ಅಂಟುತ್ತದೆ.

ಮುಂದಿನ ಸಲ ತೋರಿಸ್ಲಿಕ್ಕೆ ಹೋಗುವಾಗ ಮೂತ್ರ ಕಟ್ಟಿದ ವಿಷಯ ನೀವೇ ಬಾಯಿಬಿಟ್ಟು ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಅದು ಒಂದು ಸಾಲಲ್ಲಿ ಮುಳುಗಿರ್ತದೆ. ಟಿಯೋವಾ ಮುಂದುವರಿಸ್ಬೇಕಾ ಅಥವಾ ಫಾರ್ಮೋಟೆರಾಲ್, ಇಂಡಾಕಟೆರಾಲ್ ಅಂಥ ಬೇರೆ ಜಾತಿಯ ದೀರ್ಘಾವಧಿ ಮದ್ದಿಗೆ ಬದಲಾಯಿಸ್ಬೇಕಾ ಅನ್ನುದನ್ನು ಯೂರಾಲಜಿ ಅಭಿಪ್ರಾಯ ತಗೊಂಡು ಅವರು ನಿರ್ಧರಿಸ್ತಾರೆ, ನೀವಾಗಿ ನಿಲ್ಲಿಸ್ಬೇಡಿ. ಒಂದೂವರೆ ತಿಂಗಳು ಕಳೆದು ಆರಾಮ ಇದ್ದಾಗ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ, ಮಂಗಳೂರು ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೆಲ್ಲ ಉಂಟು, ಆ ದಿನ ಬೆಳಿಗ್ಗೆ ಕಾಫಿ ಚಹ ಬೇಡ. ಅಷ್ಟರೊಳಗೆ ದಮ್ಮು ಜೋರಾದ್ರೆ ಸ್ಪೇಸರಿನಲ್ಲಿ ಸಾಲ್ಬುಟಮಾಲ್ ನಾಲ್ಕರಿಂದ ಆರು ಪಫ್, ಒಂದೊಂದಾಗಿ. ಇಪ್ಪತ್ತು ನಿಮಿಷದಲ್ಲಿ ಬಿಡದಿದ್ರೆ, ಒಂದು ವಾಕ್ಯ ಪೂರ್ತಿ ಮಾತಾಡ್ಲಿಕ್ಕೆ ಆಗದಿದ್ರೆ, ತುಟಿ ನೀಲಿ ಆದ್ರೆ, ಅಥವಾ ಅಪ್ಪ ಕಾರಣ ಇಲ್ಲದೆ ತೂಕಡಿಸ್ಲಿಕ್ಕೆ ಶುರು ಮಾಡಿದ್ರೆ 108ಕ್ಕೆ ಫೋನ್ ಮಾಡಿ, ಮದ್ದಿನ ಚೀಲ ಒಟ್ಟಿಗೇ ತಗೊಂಡು ಹೊರಡಿ.